ಕೊಂಡಾಪುರದ ಇಬ್ಬರು ವಿಮಲೆಯರು

ನನ್ನ ತಂದೆಯ ತಾಯಿಗೆ ಹೈದರಾಬಾದು ಕೊನೆಯವರೆಗೂ ಪರದೇಶವೇ ಆಗಿತ್ತು. ಅವಳ ಬಾಯಲ್ಲಿ ಅದರ ಹೆಸರು ಮೊಗಲಾಯಿ. ನನ್ನ ಅವ್ವ ತವರಿಗೆ ಹೋದಾಗಲೆಲ್ಲ ಅಜ್ಜಿ ಓಣಿಯವರಿಗೆ ‘ಸೊಸಿ ಮೊಗಲಾಯಿಗೆ ಹೋಗ್ಯಾಳ’ ಎಂದು, ಸಮುದ್ರ ದಾಟಿದವರ ಸುದ್ದಿ ಹೇಳುವ ಧಾಟಿಯಲ್ಲಿ ಹೇಳುತ್ತಿದ್ದಳು. ಧಾರವಾಡದಲ್ಲಿ ಬಸ್ಸು ಹತ್ತಿ ಒಂದು ನಿದ್ದೆ ತೆಗೆದರೆ ಮುಟ್ಟುವ ಊರು ಅದು. ಆದರೂ ಕಣ್ಣು ಬಿಟ್ಟಾಗ ಅಂಗಡಿಯ ಬೋರ್ಡುಗಳಲ್ಲಿ ನಮ್ಮ ಅಕ್ಷರಗಳೇ ತಲೆಕಟ್ಟು ಬದಲಿಸಿಕೊಂಡು ನಿಂತಂತೆ ಕಾಣುತ್ತದೆ. ಓದಬಲ್ಲೆ ಅನ್ನಿಸುತ್ತದೆ, ಓದಲು ಹೋದರೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ನಾನೂ ಅಜ್ಜಿಯ ಲೆಕ್ಕವನ್ನೇ ಹಿಡಿದು ಇದನ್ನು ನನ್ನ ವಿದೇಶ ಪ್ರವಾಸ ಎಂದು ಕರೆಯುತ್ತಿದ್ದೇನೆ. ಬೇರೆ ಯಾವುದೂ ನನ್ನ ಬಳಿ ಇಲ್ಲ.

ಹೋಗಲು ಕಾರಣ ವಿಮಲಾ ಚಿಗವ್ವ, ನನ್ನ ಅವ್ವನ ತಂಗಿ. ಒಂದು ಮುಂಜಾನೆ ಫೋನು ಮಾಡಿ, ಕುಶಲ ಗಿಶಲ ಏನೂ ಕೇಳದೆ ಹೇಳಿದಳು: “ಸುಧಾ, ಇಲ್ಲೊಂದು ಹುಡುಗಿ ಮಾಡ್ಯಾರ. ಅಕಿ ನಾನ ಅಂತಾರ. ಹೌದೋ ಅಲ್ಲೋ ನೀ ಬಂದು ನೋಡಿ ಹೇಳು.”

ಈ ಮಾತಿನ ಹಿನ್ನೆಲೆ ಹೇಳಬೇಕು. ಚಿಗವ್ವ ಮತ್ತು ಅವಳ ಕಾಲೇಜಿನ ಗೆಳತಿ ನಾಜ್ನೀನ್ ಎಪ್ಪತ್ತರ ದಶಕದಲ್ಲಿ ಹೈದರಾಬಾದಿನ ಪಾಪ್ ಗಾಯಕಿಯರು. ಒಂದು ಗಿಟಾರು, ಒಂದು ಬೋಂಗೊ, ಇಬ್ಬರು ಹುಡುಗಿಯರು. ದಖ್ಖನಿ ಎಂಬ ಅಲ್ಲಿನ ಉರ್ದು, ತೆಲುಗು, ನಡುವೆ ಒಂದೆರಡು ಕನ್ನಡ ಹಾಡು. ಕಾಲೇಜಿನ ವೇದಿಕೆಗಳಲ್ಲಿ ಶುರುವಾಗಿ ದೊಡ್ಡ ಸಭಾಂಗಣಗಳವರೆಗೆ ಹೋದರು. ಆ ಊರಿನಲ್ಲಿ ಅರವತ್ತು ದಾಟಿದವರ ಮುಂದೆ ‘ವಿಮಲಾ–ನಾಜ್ನೀನ್’ ಅಂದರೆ ಇವತ್ತಿಗೂ ಅವರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತದೆ. ನಾಜ್ನೀನ್ ಈಗಿಲ್ಲ. ಅದೇ ಊರಿನ ಕೊಂಡಾಪುರ ಬಡಾವಣೆಯ ಒಂದು ಕಂಪನಿಯವರು ಹಳೆಯ ರೀಲು, ಫೋಟೊ, ಧ್ವನಿಮುದ್ರಣ ಎಲ್ಲ ಸೇರಿಸಿ ಇಬ್ಬರನ್ನೂ ಹರೆಯದಲ್ಲಿದ್ದ ಹಾಗೆಯೇ ಕಂಪ್ಯೂಟರಿನಲ್ಲಿ ಕಟ್ಟಿದ್ದರು. ದೊಡ್ಡ ಪರದೆಯ ಮೇಲೆ ಅವರು ಹಾಡುತ್ತಾರೆ, ಕೆಳಗೆ ನಿಜವಾದ ವಾದ್ಯದವರು ನುಡಿಸುತ್ತಾರೆ, ಜನ ಟಿಕೀಟು ಕೊಂಡು ಬರುತ್ತಾರೆ. ನಾಜ್ನೀನಳ ಮಗಳು ಆಸ್ಮಾ ಒಪ್ಪಿದ್ದಳು. ಚಿಗವ್ವ ಒಪ್ಪದೆ ಕೆಲಸ ಮುಂದೆ ಹೋಗುವಂತಿರಲಿಲ್ಲ.

ಅವರ ಹಾಡಿನ ಕಛೇರಿಯನ್ನು ಕೂತು ನೋಡಿದವರು ನಮ್ಮ ಮನೆತನದಲ್ಲಿ ಉಳಿದಿರುವುದು ನಾನೊಬ್ಬಳೇ. ಆಗ ನಾನು ನಾಲ್ಕನೆಯ ಇಯತ್ತೆಯ ಹುಡುಗಿ. ಎಂ.ಎ. ಓದುವಾಗ ಶುರುಮಾಡಿದ ದಿನಚರಿ ಬರೆಯುವ ಅಭ್ಯಾಸ ನನ್ನಲ್ಲಿ ಇನ್ನೂ ಇದೆ. ನಿನ್ನೆ ಆದದ್ದೂ ಇಂದು ಬರೆಯುವಾಗ ಎಷ್ಟು ಬೇರೆಯಾಗುತ್ತದೆ ಎನ್ನುವುದನ್ನು ಅದು ಕಲಿಸಿದೆ. ಅಂಥವಳನ್ನು ಸಾಕ್ಷಿಗೆ ಕರೆದಿದ್ದಾಳಲ್ಲ ಎಂಬ ಅಳುಕು ಬಸ್ಸಿನ ಉದ್ದಕ್ಕೂ ನನ್ನ ಜೊತೆ ಕೂತಿತ್ತು.

ಮೆಹದಿಪಟ್ಟಣಂ

ಇಲ್ಲಿನವರು ವಿಳಾಸವನ್ನು ಮೇಲ್ಸೇತುವೆಯ ಕಂಬದ ನಂಬರಿನಲ್ಲಿ ಹೇಳುತ್ತಾರೆ. ನಮ್ಮಲ್ಲಿ ‘ಹನುಮಪ್ಪನ ಗುಡಿ ಹಿಂದ’ ಅಂದಂತೆ. ಗುಡಿಯಾದರೆ ಮರೆಯುವುದಿಲ್ಲ, ನಂಬರು ಮರೆಯುತ್ತದೆ. ನಾನು ಬಸ್ಸಿಳಿದು ಆಟೊದವನಿಗೆ ಪುಸ್ತಕದ ಹಿಂದಿಯಲ್ಲಿ ಒಂದು ಕಂಬ ಹೇಳಿದೆ. ಅಲ್ಲಿ ಇಳಿದರೆ ಚಿಗವ್ವನ ಕಾಲನಿಯ ಸುಳಿವೇ ಇಲ್ಲ. ಇನ್ನೊಂದು ಕಂಬ ಹೇಳಿದೆ. ಮೂರನೆಯದಕ್ಕೆ ಆಟೊದವನು ಹಿಂತಿರುಗಿ ನೋಡಿ, “ಅಕ್ಕಾರ, ನೀವು ಕನ್ನಡದಾಗ ಹೇಳ್ರಿ, ಸಿಗತೈತಿ,” ಅಂದ. ಸೇಡಂ ಕಡೆಯವನಂತೆ. ಮೊದಲು ಗಾರೆ ಕೆಲಸಕ್ಕೆ ಬಂದವನು, ಈಗ ಆಟೊ. ನನ್ನ ಹಿಂದಿ ಕೇಳಿದ ಕೂಡಲೇ ಗೊತ್ತಾಗಿತ್ತಂತೆ; ಪಾಪ, ಇಷ್ಟು ಕಷ್ಟಪಟ್ಟು ಮಾತಾಡುತ್ತಿದ್ದಾರೆ, ನಡುವೆ ಬಾಯಿ ಹಾಕುವುದು ಬೇಡ ಎಂದು ಸುಮ್ಮನಿದ್ದನಂತೆ.

ಚಿಗವ್ವ ಗೇಟಿನ ಹತ್ತಿರವೇ ನಿಂತಿದ್ದಳು. ದಪ್ಪ ಗಾಜಿನ ಚಷ್ಮಾ, ಮೋಟು ಜಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು. ಪಾಪ್ ಗಾಯಕಿ ಅಂದರೆ ಯಾರೂ ನಂಬುವ ಹಾಗಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ನೋಡಿ ನಿವೃತ್ತಿಯಾದವಳು ಅಂದರೆ ಕೂಡಲೇ ನಂಬಬಹುದಿತ್ತು. ಎರಡೂ ನಿಜ.

ತಳ್ಳುಗಾಡಿಯವನಿಂದ ಅವಳು ಪುಂಡಿಪಲ್ಯ ಕೊಳ್ಳುತ್ತಿದ್ದಳು. ಅವನು ಅದನ್ನು ಗೋಂಗೂರ ಅನ್ನುತ್ತಿದ್ದ. ಅಷ್ಟರಲ್ಲಿ ಸ್ಕೂಟರಿನಿಂದ ಇಳಿದ ಒಬ್ಬ ಹೆಂಗಸು ಅದನ್ನೇ ಅಂಬಾಡಾ ಎಂದು ಕರೆದು, ಸೂಡು ಬಾಡಿದೆಯೆಂದು ಅವನ ಜೊತೆ ಜಗಳಕ್ಕೆ ನಿಂತಳು. ಅವಳೇ ಆಸ್ಮಾ. ಐವತ್ತರ ಆಸುಪಾಸು, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಚಿಗವ್ವನನ್ನು ಅವಳು ಖಾಲಾ ಅನ್ನುತ್ತಾಳೆ. ಅವ್ವನ ತಂಗಿ ಎಂದೇ ಅದರ ಅರ್ಥ. ಅವಳಿಗೂ ನನಗೂ ಆ ಮನೆಯಲ್ಲಿ ಒಂದೇ ನೆಂಟಸ್ತಿಕೆ ಎಂದು ಆಗ ಹೊಳೆಯಿತು. ಇಬ್ಬರೂ ದಖ್ಖನಿಯಲ್ಲಿ ಮಾತಾಡುತ್ತಿದ್ದರು. ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಚಿಗವ್ವ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದಳು.

ಆಸ್ಮಾ ಹೋದ ಮೇಲೆ, ಸೊಪ್ಪು ಸೋಸುತ್ತ, ನಿನಗೆ ಇದರಲ್ಲಿ ಹೆದರಿಕೆ ಯಾತರದು ಎಂದು ಕೇಳಿದೆ. ಜನ ನಗುತ್ತಾರೆಂದೇ?

“ನಕ್ಕರ ನಗಲಿ. ನೋಡು, ನಾಜೂನ ಮುಖ ನನಗ ಇನ್ನೂ ಚಲೋ ನೆನಪೈತಿ. ಇವರು ಬ್ಯಾರೆ ಯಾವಕಿನ್ನೋ ತಂದು ಇಕಿನ ನಾಜು ಅಂತ ನಿಲ್ಲಿಸಿದ್ರು ಅಂತಿಟ್ಕೊ. ನಾಳೆ ಕಣ್ಣು ಮುಚ್ಚಿದ್ರ ಅಕೀನ ಬರತಾಳ. ಖರೇದಕಿ ಎಲ್ಲಿ ಹೋಗಬೇಕು?”

ಸೋಸಿದ ಸೊಪ್ಪಿಗೆ ಬೇಡದ ಕಡ್ಡಿಗಳನ್ನೇ ಹಾಕಿಬಿಟ್ಟಿದ್ದೆ. ಅವಳು ಬೈಯದೆ ಒಂದೊಂದಾಗಿ ಆರಿಸಿ ತೆಗೆದಳು.

ಕೋಠಿ

ಕಂಪನಿಯವರ ಹತ್ತಿರ ಇದ್ದ ರೀಲು ಕಪ್ಪು ಬಿಳುಪಿನದು. ಅದರಲ್ಲಿ, ನಾನು ಕಂಡ ಕಛೇರಿಯಲ್ಲೂ, ಚಿಗವ್ವ ಉಟ್ಟಿದ್ದ ಸೀರೆಯ ಬಣ್ಣ ಯಾವುದೆಂದು ಅವರು ಕೇಳಿದ್ದರು. ಬಾಯಲ್ಲಿ ಹೇಳಿದರೆ ಸಾಲದು, ಬಟ್ಟೆಯ ತುಂಡು ತಂದರೆ ಒಳ್ಳೆಯದು ಎಂದಿದ್ದರು. ಹಾಗಾಗಿ ನಾವು ಮೂವರೂ ಕೋಠಿಯ ಒಂದು ಅರಿವೆ ಅಂಗಡಿಗೆ ಹೋದೆವು.

ಕೋಠಿಯಲ್ಲಿ ನಡೆಯುವುದೆಂದರೆ ಬಸ್ಸಿಗೂ ಆಟೊಗೂ ಔಷಧದ ಪೆಟ್ಟಿಗೆ ಹೊತ್ತವರಿಗೂ ಒಂದೊಂದು ಭುಜ ಕೊಟ್ಟು ಮುಂದೆ ಹೋಗುವುದು. ಧಾರವಾಡದ ಅಂಗಡಿಯಲ್ಲಿ ‘ಏನ್ ಬೇಕ್ರಿ’ ಎಂದು ಕೇಳಿ ತೋರಿಸುತ್ತಾರೆ. ಇಲ್ಲಿ ಕೇಳುವ ಮುಂಚೆಯೇ ಅರಿವೆಯ ಥಾನು ಬಿಚ್ಚಿ ತೊಡೆಯ ಮೇಲೆ ಚೆಲ್ಲುತ್ತಾರೆ, ಆಮೇಲೆ ಚಹಾ ತರಿಸುತ್ತಾರೆ. ಚಹಾ ಕುಡಿದವರು ಎದ್ದು ಹೋಗುವುದು ಹೇಗೆ?

ನನಗೆ ಅನುಮಾನವೇ ಇರಲಿಲ್ಲ: ನವಿಲು ಹಸಿರು. ಆ ಹಸಿರು ನನ್ನ ಬಾಲ್ಯದ ಬಣ್ಣಗಳಲ್ಲೆಲ್ಲ ಗಟ್ಟಿಯಾದದ್ದು. ಚಿಗವ್ವ ಬಾಯಿ ತೆರೆದು, ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಅಂದಳು. ಆಸ್ಮಾ ಆಗಿನ್ನೂ ಹುಟ್ಟಿರಲಿಲ್ಲ. ಆದರೂ ನೀಲಿ ಎಂದು ಪಟ್ಟು ಹಿಡಿದಳು, ಅಮ್ಮೀ ಹೇಳಿದ್ದಳಂತೆ. ಉಟ್ಟವಳು ನಾನು ಎಂದು ಚಿಗವ್ವ. ಉಟ್ಟವರಿಗೆ ತಮ್ಮ ಸೀರೆ ಕಾಣುವುದಿಲ್ಲ, ನೋಡಿದವರಿಗೆ ಕಾಣುತ್ತದೆ ಎಂದು ನಾನು. ಮುದುಕ ವ್ಯಾಪಾರಿ ಮೂರು ಬಣ್ಣವನ್ನೂ ಪಕ್ಕ ಪಕ್ಕ ಹಾಸಿ, ಮದುವೆ ಯಾರದು ಎಂದು ವಿನಯದಿಂದ ಕೇಳಿದ. ಆಸ್ಮಾ ನಗು ತಡೆಯಲಾರದೆ ಚಹಾ ಚೆಲ್ಲಿದಳು, ಚೆಲ್ಲಿದ್ದು ಉಳ್ಳಾಗಡ್ಡಿಯ ಮೇಲೆ. ಹಾಗಾಗಿ ಅದನ್ನು ಕೊಳ್ಳಲೇಬೇಕಾಯಿತು. ಉಳಿದೆರಡನ್ನೂ ಬಿಡಲಾಗದೆ ಮೂರೂ ತುಂಡುಗಳೊಡನೆ ಹೊರಬಿದ್ದೆವು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸಿದೆ. ಹಸಿರು ಎಂದು ನನಗೆ ಹೇಳಿದವರು ಯಾರು? ಆ ವರ್ಷ ದೀಪಾವಳಿಗೆ ಅವ್ವ ನನಗೆ ನವಿಲು ಹಸಿರಿನ ಲಂಗ ಹೊಲಿಸಿದ್ದಳು. ಅದೇ ಬಣ್ಣ ಅಲ್ಲಿಂದ ಇಲ್ಲಿಗೆ ಹರಿದು ಬಂದಿರಬಹುದೇ? ಇರಬಹುದು. ಲಂಗವಾದರೂ ಹಸಿರೇ ಇತ್ತೆಂದು ಹೇಗೆ ಹೇಳಲಿ?

ಕೊಂಡಾಪುರ

ಕೊಂಡಾಪುರದಲ್ಲಿ ಎಲ್ಲರ ಕೊರಳಲ್ಲೂ ಗುರುತಿನ ಚೀಟಿ ತೂಗುತ್ತದೆ. ಹೊರಗೆ ಟಿಫಿನ್ ಗಾಡಿಯ ಮುಂದೆ ನಿಂತು ದೋಸೆ ತಿನ್ನುವಾಗಲೂ ಅದನ್ನು ತೆಗೆಯುವುದಿಲ್ಲ, ಚಟ್ನಿ ತಾಗದಂತೆ ಬೆನ್ನಿಗೆ ಹಾಕಿಕೊಳ್ಳುತ್ತಾರೆ. ನಮಗೂ ಒಂದೊಂದು ಕೊಟ್ಟರು. ಚಿಗವ್ವ ಅದನ್ನು ತಾಳಿಯ ಹಾಗೆ ಸೀರೆಯೊಳಗೆ ಇಳಿಬಿಟ್ಟಳು.

ಕೆಲಸದ ಮುಖ್ಯಸ್ಥ ಕಿರಣ್ ಎನ್ನುವವನು. ತೆಲುಗಿನವನು, ತುಂಬ ಮೆತ್ತಗಿನ ಮನುಷ್ಯ. ವಿಮಲಾಗಾರು, ವಿಮಲಾಗಾರು ಎನ್ನುತ್ತ ಅವಳಿಗೆ ಕುರ್ಚಿಯ ದಿಂಬು ತಾನೇ ಸರಿಮಾಡಿದ. ಅವನ ತಂದೆ ಈ ಹಾಡುಗಳ ಹುಚ್ಚಿನವರಂತೆ. ಮೊದಲು ಹಳೆಯ ರೀಲು ತೋರಿಸಿದ. ಇಬ್ಬರು ಹುಡುಗಿಯರು ಕೈ ಕೈ ಹಿಡಿದು ಒಂದೇ ಮೈಕಿನ ಮುಂದೆ ನಿಂತಿದ್ದರು. ಆ ಕೈ ಹಿಡಿದ ಭಂಗಿ ನನಗೆ ಚೆನ್ನಾಗಿ ಗೊತ್ತು. ಕಛೇರಿ ನೋಡಿ ಬಂದ ಬೇಸಗೆಯೆಲ್ಲ ನಾನೂ ನನ್ನ ಗೆಳತಿಯೂ ಹಾಗೆಯೇ ಕೈ ಹಿಡಿದು ಅಂಗಳದಲ್ಲಿ ಹಾಡುತ್ತಿದ್ದೆವು. ಒಂದೇ ಮೈಕು ಇದ್ದ ಕಾಲ, ಪಾಪ, ಅಲುಗಾಡುವ ಹಾಗಿರಲಿಲ್ಲ, ನಾವು ಇಬ್ಬರನ್ನೂ ಬಿಡಿಸಿದ್ದೇವೆ ಎಂದ ಕಿರಣ್ ಹೆಮ್ಮೆಯಿಂದ.

ದೀಪ ಆರಿತು. ಗಿಟಾರು ಶುರುವಾಯಿತು. ಕೋಠಿಯ ನಿಲ್ದಾಣದಲ್ಲಿ ಬಾರದ ಬಸ್ಸಿಗೆ ಕಾಯುವ ಹುಡುಗಿಯ ಹಾಡು. ಅವರಿಬ್ಬರನ್ನು ಊರಿಗೆ ಗೊತ್ತುಮಾಡಿದ್ದು ಅದೇ. ಎದುರಿಗೆ ಇಬ್ಬರೂ ಬಂದು ನಿಂತರು, ಸೀರೆಗೆ ಇನ್ನೂ ಬಣ್ಣ ಹಾಕಿರಲಿಲ್ಲ.

ಸಾಕ್ಷಿ ಹೇಳಲು ಬಂದವಳು ನಾನು. ಹೇಳುತ್ತೇನೆ: ಆ ಮುಖ ಚಿಗವ್ವನದೇ. ಗಲ್ಲದ ಕೆಳಗಿನ ಮಚ್ಚೆ, ಮೇಲಿನ ಸ್ವರಕ್ಕೆ ಹೋಗುವಾಗ ಒಂದು ಹುಬ್ಬು ಮಾತ್ರ ಏರುವುದು, ಎಲ್ಲ. ನಾಜ್ನೀನ್ ಬಾಯ್ದೆರೆದಾಗ ಆಸ್ಮಾ ನನ್ನ ಪಕ್ಕದಲ್ಲಿ ಕುರ್ಚಿಯ ತುದಿಗೆ ಸರಿದಳು. ಅವಳು ಹುಟ್ಟುವ ಮುಂಚಿನ ಅವ್ವ, ಅವಳ ಅರ್ಧ ವಯಸ್ಸಿನವಳು.

ಎರಡನೆಯ ಚರಣದಲ್ಲಿ ಇಬ್ಬರೂ ಬೇರೆಯಾದರು. ನಾಜ್ನೀನ್ ಆ ಕಡೆ ಕುಣಿಯುತ್ತ ಹೋದಳು. ಈ ಕಡೆಯ ಹರೆಯದ ವಿಮಲಾ, ತೋಳು ಚಾಚಿ, ನಗುತ್ತ, ವೇದಿಕೆಯ ಅಂಚಿನವರೆಗೆ ಸರಸರ ನಡೆದು ಬಂದಳು.

“ನಿಲ್ಲು!” ಚಿಗವ್ವ ಎದ್ದು ನಿಂತಿದ್ದಳು. “ಹಿಂದ ಸರಿ, ಬೀಳತಿ!”

ಹಾಡು ನಿಲ್ಲಿಸಿದರು. ದೀಪ ಹಾಕಿದರು. ಮುಂದೆ ಏನೂ ಇರಲಿಲ್ಲ, ಬಿಳಿಯ ಗೋಡೆ. ಚಿಗವ್ವ ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದಿದ್ದಳು. ಕಿರಣ್ ನೀರು ತಂದ. ಏನಾಯಿತೆಂದು ಆಸ್ಮಾ ಕೇಳಿದಳು, ನಾನೂ ಕೇಳಿದೆ.

“ಅಕಿಗೆ ಕಣ್ಣು ಕಾಣೂದಿಲ್ಲ,” ಅಂದಳು ಚಿಗವ್ವ. “ನಾಜೂನ ಕೈ ಬಿಟ್ಟು ಅಕಿ ಒಂದು ಹೆಜ್ಜಿ ಇಡಾಕಿ ಅಲ್ಲ.” ಆಮೇಲೆ ಕಿರಣನ ಕಡೆ ತಿರುಗಿ ತೆಲುಗಿನಲ್ಲಿ, ಬಹಳ ಸೌಜನ್ಯದಿಂದ, ತನಗೆ ಇದು ಬೇಡ ಎಂದು ಹೇಳಿದಳು.

ಕಂಪನಿಯವರ ಕಾರಿನಲ್ಲಿ ಮರಳಿದೆವು. ಆಸ್ಮಾ ಹೊರಗೆ ನೋಡುತ್ತಿದ್ದಳು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಮತ್ತೆ ಮೆಹದಿಪಟ್ಟಣಂ

ಸಂಜೆ ಮಾಳಿಗೆಯ ಮೇಲೆ ಒಣಗಿದ ಅರಿವೆ ತೆಗೆಯುವಾಗ ಚಿಗವ್ವ ಪೂರ್ತಿ ಹೇಳಿದಳು. ಹದಿನೈದರಿಂದಲೇ ಅವಳಿಗೆ ದೂರದ್ದು ಕಾಣುತ್ತಿರಲಿಲ್ಲ. ನಮ್ಮಜ್ಜ, ಅವಳ ಅಪ್ಪ, ಸರ್ಕಾರಿ ನೌಕರಿಯವರು, ಸುಧಾರಿಸಿದ ಮನುಷ್ಯ. ಮಗಳು ಮುಸ್ಲಿಂ ಗೆಳತಿಯ ಜೊತೆ ವೇದಿಕೆ ಹತ್ತಿ ದಖ್ಖನಿ ಹಾಡು ಹಾಡುವುದಕ್ಕೆ ಅವರ ಅಡ್ಡಿಯಿರಲಿಲ್ಲ. ಚಷ್ಮಾ ಹಾಕಿಕೊಂಡು ಹತ್ತುವುದಕ್ಕೆ ಮಾತ್ರ ಅಡ್ಡಿಯಿತ್ತು. ನೋಡಿದವರು ‘ಚಷ್ಮಾದ ಹುಡುಗಿ’ ಅಂದರೆ ಕಲಬುರ್ಗಿಯಿಂದ ಧಾರವಾಡದವರೆಗೆ ಒಂದೂ ವರ ಸಿಗುವುದಿಲ್ಲ ಎಂದು ಅವರ ನಂಬಿಕೆ. ಮದುವೆಯಾಗುವವರೆಗೂ ಚಷ್ಮಾ ಕಪಾಟಿನಲ್ಲಿತ್ತು.

“ವಾದ್ಯದವರ ಸನ್ನಿ ಕಾಣತಿದ್ದಿಲ್ಲ, ಅಂಚು ಕಾಣತಿದ್ದಿಲ್ಲ. ನಾಜು ಕೈ ಹಿಡದು ಕರಕೊಂಡ ಹೋಗಿ ನಿಲ್ಲಸತಿದ್ಲು. ಶುರು ಮಾಡು ಅನ್ನಾಕ ಹೆಬ್ಬೆರಳಿಂದ ಎರಡ ಸಲ ಒತ್ತತಿದ್ಲು. ಜನಕ್ಕ ಅದು ಸ್ಟೈಲು.”

ನನಗೆ ಒಂದು ಮಾತು ಕೇಳಬೇಕಿತ್ತು, ಕೇಳಲು ಭಯವೂ ಆಯಿತು. ಆ ಕಛೇರಿಯ ದಿನ ನಾನು ಎರಡನೆಯ ಸಾಲಿನಲ್ಲಿ ಅವ್ವನ ಪಕ್ಕ ಕೂತಿದ್ದೆ. ಹಾಡಿನ ನಡುವೆ ಚಿಗವ್ವ ನನ್ನನ್ನೇ ನೋಡಿ ನಕ್ಕಿದ್ದಳು. ಅಷ್ಟು ಜನರಲ್ಲಿ ನನ್ನೊಬ್ಬಳನ್ನೇ. ಇದನ್ನು ನಾನು ದಿನಚರಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದೇನೆ. ಮನಸ್ಸು ಕುಗ್ಗಿದ ದಿನಗಳಲ್ಲಿ ಅದನ್ನು ತೆಗೆದು ನೋಡಿಕೊಂಡಿದ್ದೇನೆ. ಕೊನೆಗೆ ಕೇಳಿಯೇಬಿಟ್ಟೆ.

ಅವಳು ಮಡಿಚುತ್ತಿದ್ದ ಸೀರೆಯನ್ನು ಎದೆಗೊತ್ತಿಕೊಂಡಳು. “ನನಗ ಮೊದಲನೇ ಸಾಲೂ ಕಾಣತಿದ್ದಿಲ್ಲ, ಸುಧಾ.” ನನ್ನ ಮುಖ ನೋಡಿ ಮತ್ತೆ ಅಂದಳು: “ನೀ ಬಂದೀ ಅಂತ ಗೊತ್ತಿತ್ತು. ಯಾವ ಕಡೆ ಕುಂತೀ ಅಂತ ನಾಜು ಹೇಳಿದ್ಲು. ಆ ಕಡೆ ನೋಡಿ ನಕ್ಕಿರಬೇಕು, ತಗೊ.”

ಆ ‘ತಗೊ’ವನ್ನು ನಾನು ತೆಗೆದುಕೊಂಡೆ. ಅದು ನಡೆದದ್ದೋ, ನನಗಾಗಿ ಅವಳು ಆಗಷ್ಟೇ ಕಟ್ಟಿಕೊಟ್ಟದ್ದೋ ಗೊತ್ತಿಲ್ಲ. ಎರಡರ ನಡುವೆ ಆರಿಸುವ ಹಟ ಆ ಮಾಳಿಗೆಯ ಮೇಲೆ ನನ್ನಲ್ಲಿ ಇರಲಿಲ್ಲ.

ಮರುದಿನ ಆಸ್ಮಾ ಅಂಬಾಡಾ ಬೇಳೆ ಮಾಡಿಕೊಂಡು ಡಬ್ಬಿ ಹಿಡಿದು ಬಂದಳು. ಒತ್ತಾಯ ಮಾಡಲಿಲ್ಲ. ಕಿರಣ್ ತನಗೆ ಫೋನು ಮಾಡಿದ್ದನೆಂದಳು. ಕೈ ಹಿಡಿದ ಹಾಗೆಯೇ ಎಲ್ಲವನ್ನೂ ಮತ್ತೆ ಮಾಡುತ್ತಾನಂತೆ, ಆದರೆ ಆ ಕೈಗಳು ರೀಲಿನಲ್ಲಿ ಮಸುಕು. ಖಾಲಾ ಒಂದು ಸಲ ಬಂದು ಹೇಗೆಂದು ತೋರಿಸಬಹುದೇ? ಆಮೇಲೂ ಬೇಡ ಅನ್ನಿಸಿದರೆ ಅಳಿಸಿಹಾಕುತ್ತಾನಂತೆ. ಇಷ್ಟು ಹೇಳಿ ಡಬ್ಬಿಯ ಮುಚ್ಚಳ ತೆಗೆಯಲು ಹೋದಳು, ಅದು ಬರಲಿಲ್ಲ. ಚಿಗವ್ವ ಇಸಿದುಕೊಂಡು ತೆಗೆದಳು. ನಡಿ ಎಂದು ಅವಳಿಗೆ ದಖ್ಖನಿಯಲ್ಲಿ ಹೇಳಿ ನನ್ನ ಕಡೆ ತಿರುಗಿದಳು. “ಊಟಾ ಮಾಡಿ ಹೋಗೂಣು.”

ಕೊಂಡಾಪುರ, ಎರಡನೆಯ ಸಲ

ಚಲನೆ ಹಿಡಿಯಲು ಮೈಗಂಟಿದ ಕರಿ ಉಡುಪು ತೊಡಬೇಕಂತೆ, ಅದರ ತುಂಬ ಬಿಳಿ ಗುಂಡುಗಳು. ಈ ವಯಸ್ಸಿನಲ್ಲಿ ಸರ್ಕಸ್ ಬೇಡ ಎಂದು ಚಿಗವ್ವ ಒಪ್ಪಲಿಲ್ಲ. ಸೀರೆಯ ಮೇಲೆಯೇ ಭುಜ, ಮೊಣಕೈ, ಬೆರಳುಗಳಿಗೆ ಗುಂಡು ಅಂಟಿಸಿದರು. ಸುತ್ತಲೂ ಗೋಡೆಯ ಮೇಲಿಂದ ಕ್ಯಾಮೆರಾಗಳು ನೋಡುತ್ತಿದ್ದವು. ನಾಜ್ನೀನಳ ಜಾಗದಲ್ಲಿ ಅವರ ನೃತ್ಯದ ಹುಡುಗಿ ನಿಂತಳು, ಚುರುಕಿನ ಹುಡುಗಿ.

ಚಿಗವ್ವ ಚಷ್ಮಾ ತೆಗೆದು ನನ್ನ ಕೈಗೆ ಕೊಟ್ಟಳು. ಚಷ್ಮಾ ಇಲ್ಲದ ಅವಳ ಮುಖ ಎಷ್ಟು ಬರಿದಾಗಿತ್ತೆಂದರೆ ನಾನು ಬೇರೆ ಕಡೆ ನೋಡಿದೆ.

ಹುಡುಗಿ ಕೈ ಹಿಡಿದು ಎರಡು ಸಲ ಒತ್ತಿದಳು. ಚಿಗವ್ವ ಹಾಡಲಿಲ್ಲ. ಇನ್ನೊಮ್ಮೆ. ಊಹೂಂ. ಹೀಗಲ್ಲ, ಸ್ವಲ್ಪ ಜೋರು ಎಂದಳು. ಜೋರು ಒತ್ತಿದರೆ, ಹೀಗಲ್ಲ, ಎಂದಳು. ಹೇಗೆಂದು ಕಿರಣ್ ಕೇಳಿದ. ಅವಳು ತೆಲುಗು ಮರೆತು ಕನ್ನಡದಲ್ಲೇ ಅಂದಳು: “ನನಗ ಮಾಡಾಕ ಬರೂದಿಲ್ಲಪ, ಮಾಡಿಸ್ಕೊಂಡು ಗೊತ್ತು ಅಷ್ಟ.” ಮನೆಗೆ ಹೋಗೋಣ ಎಂದು ನನ್ನನ್ನು ಹುಡುಕುತ್ತ ತಪ್ಪು ದಿಕ್ಕಿಗೆ ತಿರುಗಿದಳು.

ಆಸ್ಮಾ ಗೋಡೆಗೆ ಒರಗಿ ನಿಂತಿದ್ದವಳು ಚಪ್ಪಲಿ ಬಿಟ್ಟು ಒಳಗೆ ನಡೆದಳು. ಯಾರನ್ನೂ ಕೇಳಲಿಲ್ಲ. ಚಿಗವ್ವನ ಎಡಕ್ಕೆ ನಿಂತು, ಅಂಗೈಯನ್ನು ಅಡಿಯಿಂದ ಹಿಡಿದು, ಹೆಬ್ಬೆರಳಿನಿಂದ ಒತ್ತಿದಳು. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ; ನನಗೆ ನಿಂತಲ್ಲಿಂದಲೇ ಕಂಡಿತು.

ಚಿಗವ್ವನ ತಲೆ ಥಟ್ಟನೆ ಅವಳ ಕಡೆ ತಿರುಗಿತು. ಇದು ನಿನಗೆ ಯಾರು ಕಲಿಸಿದರು ಎಂದು ಕೇಳಿದಳು.

ರಸ್ತೆ ದಾಟುವಾಗ ಅಮ್ಮೀ ಹಾಗೆಯೇ ಒತ್ತುತ್ತಿದ್ದಳು ಎಂದಳು ಆಸ್ಮಾ, ಚಿಕ್ಕವಳಿದ್ದಾಗ. ಈಗ ನಡಿ ಎಂದು ಬಾಯಲ್ಲಿ ಹೇಳುತ್ತಲೇ ಇರಲಿಲ್ಲವಂತೆ. ಎಲ್ಲ ಅಮ್ಮಂದಿರೂ ಹೀಗೆಯೇ ದಾಟಿಸುತ್ತಾರೆ ಎಂದುಕೊಂಡಿದ್ದಳಂತೆ.

ಮತ್ತೊಮ್ಮೆ ಸಂಗೀತ ಹಾಕಿದರು. ಆಸ್ಮಾ ಒತ್ತಿದಳು. ಚಿಗವ್ವ ಹಾಡಿದಳು. ಧ್ವನಿ ಒಡೆದಿತ್ತು, ಮೇಲಿನ ಸ್ವರ ಸಿಗಲಿಲ್ಲ, ಆ ಕಡೆಗೆ ಒಂದು ಹುಬ್ಬನ್ನಷ್ಟೇ ಕಳಿಸಿದಳು. ಆಸ್ಮಾಗೆ ಹಾಡಲು ಬರುವುದಿಲ್ಲ. ಅವಳು ಕೈ ಹಿಡಿದೇ ನಿಂತಿದ್ದಳು, ರಸ್ತೆಯ ಅಂಚಿನಲ್ಲಿ ನಿಂತಂತೆ. ಸಂಗೀತ ಮುಗಿಯಿತು. ಸಾಕು, ಸಿಕ್ಕಿತು ಎಂದ ಕಿರಣ್. ಚಿಗವ್ವ ನಿಲ್ಲಿಸಲಿಲ್ಲ. ಮೊದಲಿನಿಂದ ಮತ್ತೆ ಎತ್ತಿಕೊಂಡಳು, ವಾದ್ಯವಿಲ್ಲದೆ. ಅದು ಮುಗಿದರೆ ಮತ್ತೆ. ಕಿರಣ್ ನನ್ನತ್ತ ನೋಡಿದ. ನಾನು ಚಷ್ಮಾ ಹಿಡಿದುಕೊಂಡು ನಿಂತಿದ್ದೆ. ಯಾರೂ ಅವಳನ್ನು ತಡೆಯಲಿಲ್ಲ. ತಾನೇ ದಣಿದು ನಿಲ್ಲಿಸಿದಾಗ ಅವನಿಗೆ ತೆಲುಗಿನಲ್ಲಿ, ಮಾಡ್ರಿ, ನನ್ನ ಅಡ್ಡಿಯಿಲ್ಲ ಎಂದಳು.

ಮನೆಗೆ ಹೋಗುವಾಗ, ಹಾಡು ಮುಗಿದದ್ದು ನಿನಗೆ ಕೇಳಲಿಲ್ಲವೇ ಎಂದು ಕೇಳಿದೆ.

“ಕೇಳ್ತು. ಮುಗೀತು ಅನ್ನಾಕ ನಾಜು ಬೆರಳು ಸಡಿಲ ಮಾಡತಿದ್ಲು. ಅಲ್ಲೀತನಕ ನಾ ಹಾಡಬೇಕು, ಹಂಗ ನಮ್ಮ ಮಾತು,” ಅಂದಳು ಚಿಗವ್ವ, ಮುಂದಿನ ಸೀಟಿನಲ್ಲಿದ್ದ ಆಸ್ಮಾಳ ಬೆನ್ನನ್ನು ನೋಡುತ್ತ. “ಈ ಹುಡುಗಿ ಸಡಿಲ ಮಾಡಲೇ ಇಲ್ಲ.”